ಬೇಜಾರು ಅಂದ್ರೆ ಯಾವ ಬೇಜಾರು? ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಒಬ್ಬ ಪಿ.ಟಿ. ಮೇಡಂ ಬರೆದದ್ದು

ಹೋದ ವರ್ಷದ ತಾಲ್ಲೂಕು ಮಟ್ಟದ ಕ್ರೀಡಾಕೂಟ. ನಮ್ಮ ಹುಡುಗರು ಕಬಡ್ಡಿ ಸೆಮಿಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟಿನಿಂದ ಸೋತರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪಕ್ಕದ ಅಂಕಣದಲ್ಲಿ ಹುಡುಗಿಯರೂ ಖೋಖೋ ಸೋತರು. ಹುಡುಗಿಯರು ಹೊಂಗೆ ಮರದ ಕೆಳಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಗೊಳೋ ಅಂತ ಅತ್ತರು. ನಮ್ಮ ರೈಡರ್ ಹುಡುಗ ನೀರಿನ ಕ್ಯಾನಿಗೆ ಜಾಡಿಸಿ ಒದ್ದ. ಮುಚ್ಚಳ ಹಾರಿತು, ನೀರೆಲ್ಲ ಮಣ್ಣುಪಾಲು. ಪಕ್ಕದಲ್ಲಿ ನಿಂತಿದ್ದ ಬೇರೆ ಶಾಲೆಯ ಮೇಷ್ಟ್ರು ನಕ್ಕು, "ಹುಡುಗಿಯರು ಪಾಪ ಸೂಕ್ಷ್ಮ ಮೇಡಂ. ಹುಡುಗ ಪರವಾಗಿಲ್ಲ, ಗಟ್ಟಿ ಇದಾನೆ" ಅಂದರು.

ವಾಪಸ್ ಬರುವ ಟೆಂಪೋದಲ್ಲಿ ಹುಡುಗಿಯರು ಅಂತ್ಯಾಕ್ಷರಿ ಶುರು ಮಾಡಿದ್ದರು. ಯಾರು ಎಲ್ಲಿ ಎಡವಿದರು, ಯಾರು ಕಂಬ ಬಿಟ್ಟು ಓಡಿದರು ಅಂತ ಹೇಳಿಕೊಂಡು ನಗುತ್ತಿದ್ದರು. ಆ ಗಟ್ಟಿ ಹುಡುಗ ಮಾತ್ರ ಕಿಟಕಿ ಕಡೆ ಮುಖ ಮಾಡಿ ಕೂತವನು ಇಳಿಯುವಾಗಲೂ ಈ ಕಡೆ ತಿರುಗಲಿಲ್ಲ. ಆಮೇಲೆ ಮೂರು ದಿನ ಶಾಲೆಗೇ ಬರಲಿಲ್ಲ.

ನಾನು ಹಾಸನದಿಂದ ಆಲೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ದಿನಾ ಓಡಾಡುವ ದೈಹಿಕ ಶಿಕ್ಷಕಿ. ಇಪ್ಪತ್ತೆರಡು ವರ್ಷದ ಸರ್ವಿಸ್. ಮನಶ್ಶಾಸ್ತ್ರ ಓದಿದ್ದು ಬಿ.ಪಿ.ಎಡ್.ನಲ್ಲಿ ಒಂದು ಪೇಪರ್ ಅಷ್ಟೇ. ಆದರೆ ಮೈದಾನದಲ್ಲಿ ಒಂದು ಅನುಕೂಲ ಇದೆ. ಕ್ಲಾಸಿನಲ್ಲಿ ಮುಚ್ಚಿಟ್ಟುಕೊಂಡದ್ದೆಲ್ಲ ಆಟದಲ್ಲಿ ಆಚೆ ಬರುತ್ತದೆ. ಸೋತಾಗ, ಔಟ್ ಕೊಟ್ಟಾಗ, ಟೀಮಿಗೆ ಹೆಸರು ಬರದಿದ್ದಾಗ ಮಗುವಿನ ಮುಖದಲ್ಲಿ ಅದರ ಮನೆ ಕಾಣುತ್ತದೆ. ನಮ್ಮ ಶಾಲೆಗೆ ಶುಂಠಿ, ಆಲೂಗಡ್ಡೆ ಬೆಳೆಯುವವರ ಮಕ್ಕಳು ಬರುತ್ತಾರೆ. ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಬರುತ್ತಾರೆ. ಅಂಗಡಿ ಇಟ್ಟವರು, ಡ್ರೈವರ್‌ಗಳು, ಅಜ್ಜಿ ಜೊತೆ ಮಕ್ಕಳನ್ನು ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದವರು, ಎಲ್ಲರ ಮಕ್ಕಳೂ ಇದ್ದಾರೆ. ನನ್ನ ಮನೆಯಲ್ಲೂ ಎರಡಿವೆ. ಮಗ ಮೊದಲನೇ ಪಿಯುಸಿ, ಮಗಳು ಎಂಟನೇ ಕ್ಲಾಸು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ಮೈದಾನದ್ದು, ಅರ್ಧ ನನ್ನ ಅಡುಗೆಮನೆಯದ್ದು.

ಹೆಸರು ದೊಡ್ಡದು, ವಿಷಯ ಸಣ್ಣದು

ತನ್ನ ಮನಸ್ಸಿನಲ್ಲಿ, ಎದುರಿನವರ ಮನಸ್ಸಿನಲ್ಲಿ ಏನಾಗುತ್ತಿದೆ ಅಂತ ತಿಳಿದು ನಿಭಾಯಿಸುವುದಕ್ಕೆ ಪುಸ್ತಕದಲ್ಲಿ ಭಾವನಾತ್ಮಕ ಬುದ್ಧಿವಂತಿಕೆ ಅನ್ನುತ್ತಾರೆ. ಟ್ರೈನಿಂಗಿಗೆ ಬಂದವರು ಇ.ಕ್ಯೂ. ಅಂದುಬಿಡುತ್ತಾರೆ. 1990ರಲ್ಲಿ ಅಮೆರಿಕದ ಪೀಟರ್ ಸಾಲೋವೆ, ಜಾನ್ ಮೇಯರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೊಂದು ರೂಪ ಕೊಟ್ಟರು. ಆಮೇಲೆ ಅದನ್ನೇ ನಾಲ್ಕು ಭಾಗ ಮಾಡಿದರು. ಮುಖ, ದನಿ ನೋಡಿ ಭಾವನೆ ಗುರುತಿಸುವುದು. ಆ ಭಾವನೆಯನ್ನು ಯೋಚನೆಗೆ ಬಳಸಿಕೊಳ್ಳುವುದು. ಅದು ಯಾಕೆ ಬಂತು, ಎಲ್ಲಿಗೆ ತಿರುಗುತ್ತದೆ ಅಂತ ತಿಳಿಯುವುದು. ಕೊನೆಗೆ ಅದನ್ನು ನಿಭಾಯಿಸುವುದು.

ಒಳ್ಳೆ ರೈಡರ್ ಮಾಡುವುದೂ ಇದೇ ಅಲ್ವಾ? ಎದುರಿನ ಕಾರ್ನರ್ ಆಟಗಾರ ಯಾವಾಗ ಕಾಲಿಗೆ ಬೀಳುತ್ತಾನೆ ಅಂತ ಅವನ ಭುಜ ನೋಡಿಯೇ ಹೇಳಬೇಕು. ತನ್ನ ಉಸಿರು ಎಷ್ಟು ಉಳಿದಿದೆ ಅಂತಲೂ ಗೊತ್ತಿರಬೇಕು. ಎದುರಿನವರನ್ನು ಓದುವುದು ಒಂದು, ತನ್ನನ್ನು ಓದಿಕೊಳ್ಳುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇದನ್ನು ಅಳೆಯುವ ಪರೀಕ್ಷೆಗಳಿವೆ. ಮುಖದ ಚಿತ್ರ ಕೊಟ್ಟು ಇದು ಯಾವ ಭಾವನೆ ಅಂತ ಕೇಳುವಂಥವು. ಅವುಗಳಲ್ಲಿ ಸರಾಸರಿ ನೋಡಿದರೆ ಹೆಣ್ಣುಮಕ್ಕಳು ಸ್ವಲ್ಪ ಮುಂದೆ. ಆದರೆ ನಿನಗೆ ನೀನೇ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀಯ ಅಂತ ಕೇಳಿದರೆ ಗಂಡಸರು ಏನೂ ಕಡಿಮೆ ಹಾಕಿಕೊಳ್ಳುವುದಿಲ್ಲ, ಎಷ್ಟೋ ಸಲ ಜಾಸ್ತಿಯೇ. ಇದನ್ನು ಓದಿ ಸ್ಟಾಫ್ ರೂಮಿನಲ್ಲಿ ನಾನು ಒಬ್ಬಳೇ ನಕ್ಕೆ. ಅಂತೂ ಆ ವ್ಯತ್ಯಾಸ ಚಿಕ್ಕದು. ಹತ್ತು ಹುಡುಗಿಯರಿಗಿಂತ ಚೆನ್ನಾಗಿ ಮುಖ ಓದುವ ಹುಡುಗರು ನಮ್ಮ ಶಾಲೆಯಲ್ಲೇ ಇದ್ದಾರೆ. ಹೆಣ್ಣು ಅಂದರೆ ಹೀಗೇ, ಗಂಡು ಅಂದರೆ ಹೀಗೇ ಅಂತ ಇದರ ಮೇಲೆ ಷರಾ ಬರೆಯಬೇಡಿ.

ಮೊದಲು ಮನೆ ನೋಡಿ, ಮಗುವನ್ನು ಆಮೇಲೆ

ಮಗುವನ್ನು ತಿದ್ದಲು ಹೊರಡುವ ಮೊದಲು ಒಂದು ವಾರ ಸುಮ್ನೆ ಮನೆಯನ್ನು ನೋಡಿ. ಒಂದು ಹಳೇ ನೋಟ್‌ಬುಕ್ಕು ಸಾಕು. ನಾನು ಹಾಲಿನವನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ನೋಡಬೇಕಾದ್ದು ಇಷ್ಟೇ. ಮನೆಯಲ್ಲಿ ಯಾರ ಮೂಡ್ ನೋಡಿಕೊಂಡು ಉಳಿದವರೆಲ್ಲ ನಡೆಯುತ್ತಾರೆ? ಸಿಟ್ಟು ಮಾಡುವ ಹಕ್ಕು ಯಾರಿಗಿದೆ, ಅಳುವ ಹಕ್ಕು ಯಾರಿಗಿದೆ? ಜಗಳ ಆದಮೇಲೆ ಮೊದಲು ಮಾತಾಡುವವರು ಯಾರು?

ನನ್ನ ಪುಸ್ತಕದಲ್ಲಿ ಬಂದದ್ದು ನೋಡಿ ನನಗೇ ನಾಚಿಕೆಯಾಯಿತು. ನಾಲ್ಕು ದಿನದಲ್ಲಿ ಮಗಳನ್ನು "ಏನಾಯ್ತು ಪುಟ್ಟಿ, ಮುಖ ಯಾಕೆ ಸಣ್ಣಗಿದೆ" ಅಂತ ಹನ್ನೊಂದು ಸಲ ಕೇಳಿದ್ದೆ. ಮಗನನ್ನು ಎರಡೇ ಸಲ. ಅದರಲ್ಲೂ ಒಂದು ಚಾರ್ಜರ್ ವಿಷಯಕ್ಕೆ. ಅವನಿಗೆ ನಾನು ಹೇಳಿದ್ದರಲ್ಲಿ ಮುಕ್ಕಾಲು ಭಾಗ "ಊಟ ಮಾಡು", "ಫೋನ್ ಇಡು", "ಸುಮ್ನಿರು". ಹುಡುಗ ಏನೂ ಹೇಳಿಕೊಳ್ಳುವುದಿಲ್ಲ ಅಂತ ಅಕ್ಕಂದಿರ ಹತ್ತಿರ ದೂರುವವಳೂ ನಾನೇ!

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದ ರಾಬಿನ್ ಫೈವುಶ್ ಅನ್ನುವ ಮನಶ್ಶಾಸ್ತ್ರಜ್ಞೆ ತಂದೆ ತಾಯಿಯರು ಚಿಕ್ಕ ಮಕ್ಕಳ ಜೊತೆ ನಡೆದುಹೋದ ಘಟನೆಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಅಂತ ಗಮನಿಸಿದರು. ಹೆಣ್ಣುಮಕ್ಕಳ ಜೊತೆ ಭಾವನೆಯ ಮಾತು ಜಾಸ್ತಿ, ಅದರಲ್ಲೂ ದುಃಖದ ಮಾತು ಜಾಸ್ತಿ. ಅಂದರೆ ಶಾಲೆಗೆ ಸೇರುವ ಮೊದಲೇ ಒಬ್ಬರಿಗೆ ಹೆಚ್ಚು ಪಾಠ ಆಗಿರುತ್ತದೆ, ಇನ್ನೊಬ್ಬರಿಗೆ ಕಡಿಮೆ. ಹತ್ತನೇ ಕ್ಲಾಸಿಗೆ ಬಂದಾಗ ಇದನ್ನೇ ಹುಟ್ಟುಗುಣ ಅಂತೀವಿ.

ನಮ್ಮ ಬೈಗುಳಗಳನ್ನೇ ನೋಡಿ. ಅಳುವ ಹುಡುಗ ಹೆಣ್ಣಿಗ. ಸಿಟ್ಟಾಗುವ ಹುಡುಗಿ ಬಜಾರಿ, ಇಲ್ಲಾ ಗಂಡುಬೀರಿ. ಅಳುವ ಹುಡುಗಿಗೆ, ಸಿಟ್ಟಾಗುವ ಹುಡುಗನಿಗೆ ಇಂಥ ಹೆಸರಿಲ್ಲ. ಹಾಗಾಗಿ ಹುಡುಗನಿಗೆ ಅವಮಾನ ಆದರೂ ಸಿಟ್ಟು, ಭಯ ಆದರೂ ಸಿಟ್ಟು. ಹುಡುಗಿಗೆ ಸಿಟ್ಟು ಬಂದರೂ ಕಣ್ಣೀರು. ಒಂದೊಂದೇ ಬಾಗಿಲು ತೆರೆದಿಟ್ಟು ಉಳಿದವಕ್ಕೆ ನಾವೇ ಚಿಲಕ ಹಾಕಿದ್ದೇವೆ.

ನಾನೇನು ಸಾಚಾ ಅಲ್ಲ. ಹದಿನೈದು ವರ್ಷ ಮೈದಾನದಲ್ಲಿ "ಬಳೆ ತೊಟ್ಕೊಂಡು ಮನೇಲಿ ಕೂತ್ಕೊಳ್ರೋ" ಅಂತ ಹುಡುಗರಿಗೆ ಬೈದವಳು. ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದು, ತುಂಬಾ ಮರ್ಯಾದೆಯಿಂದ, "ಮೇಡಂ, ನೀವೂ ಬಳೆ ಹಾಕಿದೀರಲ್ಲ" ಅಂದಳು. ವಿಸಲ್ ಬಾಯಲ್ಲೇ ಇತ್ತು. ಊದಲಿಕ್ಕೆ ಉಸಿರು ಬರಲಿಲ್ಲ.

ಯಾವ ಬೇಜಾರು ಅಂತ ಕೇಳಿ

ಈಗ ಆ ರೈಡರ್ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ದಿನ ಬಂದ. ಪಿ.ಟಿ. ಪೀರಿಯಡ್ಡಿನಲ್ಲಿ ಸುಣ್ಣದ ಗೆರೆ ಎಳೆಯಲು ಅವನನ್ನೇ ಕರೆದೆ. ಅವನು ಡಬ್ಬ ಹಿಡಿದ, ನಾನು ದಾರ ಹಿಡಿದೆ.

"ಬೇಜಾರಾಗಿತ್ತಾ?"

"ಹೂಂ ಮೇಡಂ."

"ಯಾವ ಬೇಜಾರು? ಸೋತಿದ್ದಕ್ಕಾ?"

"ಅಲ್ಲ."

ಒಂದು ಗೆರೆ ಮುಗಿಯಿತು. ಎರಡನೇದೂ ಮುಗಿಯಿತು. ನಾನು ಮತ್ತೆ ಕೇಳಲಿಲ್ಲ. ಬೋನಸ್ ಗೆರೆ ಎಳೆಯುವಾಗ ಅವನಾಗಿಯೇ ಹೇಳಿದ. "ಅಪ್ಪ ಬಂದಿದ್ರು ಮೇಡಂ, ಆಟ ನೋಡಕ್ಕೆ. ಮೊದಲ್ನೇ ಸಲ. ನಾನು ಔಟಾಗಿದ್ದೇ ತಡ ಎದ್ದು ಹೋದ್ರು."

ಅವನ ಬೇಜಾರಿಗೆ ಸರಿಯಾದ ಹೆಸರು ಅವಮಾನ. ಒದ್ದದ್ದು ಕ್ಯಾನಿಗೆ, ಅಷ್ಟೇ. ಆಮೇಲೆ ಅವನಪ್ಪನನ್ನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. ಶುಂಠಿ ತೊಳೆಯುವ ಕೂಲಿಯವರು ಬಂದಿದ್ದಾರೆ ಅಂತ ಫೋನ್ ಬಂದಿತ್ತಂತೆ. ಮಗ ಔಟಾದದ್ದನ್ನು ಅವರು ನೋಡಿಯೇ ಇರಲಿಲ್ಲ. "ಹೇಳೋದೇನಿದೆ ಮೇಡಂ, ಅವನಿಗೆ ಗೊತ್ತಾಗುತ್ತಲ್ಲ" ಅಂದರು. ಗೊತ್ತಾಗಿರಲಿಲ್ಲ. ಮೂರು ದಿನದ ಹಾಜರಿ ಹೋಗಿತ್ತು.

ನಮ್ಮ ಕಡೆ ಬೇಜಾರು ಅನ್ನುವ ಒಂದು ಪದದಲ್ಲಿ ಎಲ್ಲ ತುಂಬಿಡುತ್ತೇವೆ. ಹೊತ್ತು ಹೋಗದಿದ್ದರೂ ಬೇಜಾರು, ಸ್ನೇಹಿತ ಮಾತು ಬಿಟ್ಟರೂ ಬೇಜಾರು, ಅಜ್ಜ ತೀರಿಕೊಂಡರೂ ಬೇಜಾರು. ಪದ ಕೆಟ್ಟದ್ದೇನಲ್ಲ, ತುಂಬಾ ಉಪಕಾರಿ. ಆದರೆ ಅದು ಗೋಣಿಚೀಲ ಇದ್ದ ಹಾಗೆ. ಒಳಗೆ ಏನಿದೆ ಅಂತ ಬಿಚ್ಚಿ ನೋಡಬೇಕು. ಕನ್ನಡದಲ್ಲಿ ಪದಕ್ಕೆ ಬರ ಇಲ್ಲ. ಕಸಿವಿಸಿ, ಮುಜುಗರ, ಇರುಸುಮುರುಸು, ದಿಗಿಲು, ತಳಮಳ, ಹೊಟ್ಟೆಕಿಚ್ಚು, ಮುನಿಸು, ಸಂಕಟ, ಕಿರಿಕಿರಿ, ಹಳಹಳಿ. ಮನೆಯಲ್ಲಿ ಆಡುವುದು ನಿಂತಿದೆ, ಅಷ್ಟೇ.

ನಾವು ಮನೆಯಲ್ಲಿ ಮಾಡಿದ್ದು ಹೀಗೆ. ಗೋಡೆ ಕ್ಯಾಲೆಂಡರಿನ ಹಳೇ ತಿಂಗಳ ಹಾಳೆ ಹರಿದು, ಅದರ ಹಿಂದೆ ಬೇಜಾರಿಗೆ ನಂಬರ್ ಹಾಕಿದೆವು. ಒಂದು, ಹೊತ್ತು ಹೋಗದ ಬೇಜಾರು. ಎರಡು, ಸಿಟ್ಟು. ಮೂರು, ಅವಮಾನ. ನಾಲ್ಕು, ಹೊಟ್ಟೆಕಿಚ್ಚು. ಐದು, ದಿಗಿಲು. ಆರು, ಯಾರೂ ಇಲ್ಲ ಅನ್ನಿಸುವುದು. ಏಳು, ಹಸಿವು ಅಥವಾ ನಿದ್ದೆ ಕಮ್ಮಿ. ಇದನ್ನು ಸೇರಿಸಿದ್ದು ಮಗಳು, ಎಷ್ಟೋ ಸಲ ಇದೇ ಇರುತ್ತದೆ. ಎಂಟು, ನನ್ನ ಮೇಲೇ ನನಗೆ ಬೇಜಾರು. ಒಂಬತ್ತು, ಗೊತ್ತಿಲ್ಲ. ಒಂಬತ್ತನ್ನು ಮರೆಯದೆ ಇಡಿ. ಗೊತ್ತಿಲ್ಲ ಅಂತ ಹೇಳಲು ಜಾಗ ಕೊಡದಿದ್ದರೆ ಮಕ್ಕಳು ಸುಳ್ಳು ನಂಬರ್ ಹೇಳುತ್ತಾರೆ.

ಹಾಳೆ ಫ್ರಿಜ್ಜಿನ ಪಕ್ಕ ಅಂಟಿಸಿದೆ. ಮಗ ಮೊದಲು "ಇದೇನಮ್ಮ, ನಿನ್ನ ಟ್ರೈನಿಂಗ್ ಮನೇಲೂ ಶುರುವಾಯ್ತಾ" ಅಂತ ಗೇಲಿ ಮಾಡಿದ. ಮಾಡಲಿ ಬಿಡಿ. ಗೇಲಿ ಮಾಡುತ್ತಾ ಮಾಡುತ್ತಾ ನಂಬರ್ ಬಾಯಿಪಾಠ ಆಯಿತು. ನಂಬರ್ ಹೇಳುವುದು ಹುಡುಗರಿಗೆ ಸುಲಭ. "ಅಮ್ಮ ನಂಗೆ ಅವಮಾನ ಆಯ್ತು" ಅಂತ ಬಾಯಿಬಿಟ್ಟು ಹೇಳುವ ಹುಡುಗ ನನಗಿನ್ನೂ ಸಿಕ್ಕಿಲ್ಲ. "ಮೂರು" ಅನ್ನುವವನು ಸಿಗುತ್ತಾನೆ.

ಹೆಸರಿಟ್ಟರೆ ಏನಾಗುತ್ತದೆ ಅಂತ ಕೇಳಬಹುದು. ಮ್ಯಾಥ್ಯೂ ಲೀಬರ್ಮನ್ ಅನ್ನುವವರ ತಂಡ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಮುಖ, ಭಯದ ಮುಖ ತೋರಿಸಿ, ಕೆಲವೊಮ್ಮೆ ಅದಕ್ಕೆ ಭಾವನೆಯ ಹೆಸರು ಹೇಳಿಸುತ್ತಿದ್ದರು. ಹೆಸರು ಹೇಳಿದಾಗ ಮೆದುಳಿನಲ್ಲಿ ಗಾಬರಿಯ ಗಂಟೆ ಹೊಡೆಯುವ ಅಮಿಗ್ಡಲಾ ಅನ್ನುವ ಭಾಗ ತಣ್ಣಗಾಗುವುದು ಸ್ಕ್ಯಾನಿನಲ್ಲಿ ಕಂಡಿತು. ಹದಿಹರೆಯದಲ್ಲಿ ಈ ಗಂಟೆ ಜೋರು. ಅದಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಆಸುಪಾಸು ಆಗಬೇಕು. ಹಾಗಾಗಿ ಹದಿನಾಲ್ಕರ ಮಗುವಿಂದ ನಲವತ್ತರ ತಾಳ್ಮೆ ಕೇಳಬೇಡಿ. ನಲವತ್ತಾದವರಲ್ಲೇ ಎಷ್ಟಿದೆ ಅಂತ ನೋಡಿದ್ದೀನಲ್ಲ.

ಎದುರು ಕೂರಿಸಿ ಕೇಳಬೇಡಿ

"ಬಾ ಇಲ್ಲಿ, ಕೂತ್ಕೋ, ಏನು ನಿನ್ನ ಪ್ರಾಬ್ಲಮ್ಮು" ಅಂದರೆ ಅದು ಪೊಲೀಸ್ ಸ್ಟೇಷನ್. ಈ ವಯಸ್ಸಿನವರು ಪಕ್ಕದಲ್ಲಿದ್ದಾಗ ಮಾತಾಡುತ್ತಾರೆ, ಎದುರಿಗಿದ್ದಾಗ ಅಲ್ಲ. ಕಣ್ಣು ಬೇರೆ ಕಡೆ ಇರಬೇಕು, ಕೈಗೆ ಏನಾದರೂ ಕೆಲಸ ಇರಬೇಕು. ಸ್ಕೂಟಿಯಲ್ಲಿ ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ. ಚಳಿಗಾಲದಲ್ಲಿ ಅವರೆಕಾಯಿ ಸುಲಿಯಲು ಕೂರಿಸಿಕೊಳ್ಳಿ, ಹಿತಕಿದ ಬೇಳೆ ಮಾಡಬೇಕು ಅಂದರೆ ಎರಡು ಗಂಟೆ ಖಾತ್ರಿ. ಹುಡುಗನನ್ನೂ ಕೂರಿಸಿ. ಅವನು ಮುಕ್ಕಾಲು ಕಾಳು ನೆಲಕ್ಕೆ ಹಾರಿಸುತ್ತಾನೆ, ಪರವಾಗಿಲ್ಲ.

"ಯಾಕೆ" ಅಂತ ಶುರು ಮಾಡಬೇಡಿ. ನಮ್ಮ ಮಾತಿನಲ್ಲಿ ಯಾಕೆ ಅನ್ನುವುದು ಅರ್ಧ ಬೈಗುಳ. "ಯಾಕ್ಲಾ ಒದ್ದೆ?" ಅಂದರೆ ಅವನು ತಪ್ಪಿಲ್ಲ ಅಂತ ವಾದ ಶುರು ಮಾಡುತ್ತಾನೆ. "ಏನಾಯ್ತು?" ಅಂದರೆ ನಡೆದದ್ದು ಹೇಳುತ್ತಾನೆ. ಒಂದು ಸಲಕ್ಕೆ ಎರಡು ಪ್ರಶ್ನೆ ಸಾಕು. ಆಮೇಲೆ ಬಾಯಿ ಮುಚ್ಚಿಕೊಂಡಿರುವುದು, ಇದೇ ತುಂಬಾ ಕಷ್ಟದ ಭಾಗ. ನನಗೆ ಈಗಲೂ ಬರುವುದಿಲ್ಲ. ನಾಲಿಗೆ ತುದಿಗೆ "ಅಷ್ಟಕ್ಕೇನಾ" ಬಂದು ನಿಂತಿರುತ್ತದೆ. "ನಮ್ಮ ಕಾಲದಲ್ಲಿ" ಬಂದಿರುತ್ತದೆ. "ಅವರ ಮನೆ ಹುಡುಗಿ ನೋಡು" ಅಂತೂ ಬಿಟ್ಟರೆ ಹಾರುತ್ತದೆ. ಬಂದಾಗಲೆಲ್ಲ ಒಂದು ಅವರೆಕಾಯಿ ಜಾಸ್ತಿ ಸುಲಿಯಿರಿ.

ನಮ್ಮ ಶಾಲೆಯ ಸುತ್ತ ಆನೆ ಕಾಟ ಇದೆ. ಆನೆ ಇಂಥ ತೋಟದಲ್ಲಿದೆ ಅಂತ ಫೋನಿಗೆ ಮೆಸೇಜು ಬರುತ್ತದೆ, ಹಾಗಾಗಿ ಪ್ರಾಕ್ಟೀಸು ಬೇಗ ಮುಗಿಸುತ್ತೇನೆ. ಹುಡುಗರು ಒಬ್ಬರೂ ಹೆದರಿಕೆ ಅಂತ ಒಪ್ಪುವುದಿಲ್ಲ. "ಆನೆನಾ? ನೋಡಿದೀನಿ ಬಿಡಿ ಮೇಡಂ!" ಒಂದು ಸಂಜೆ ನಾನೇ ಹೇಳಿದೆ, "ನಂಗೆ ದಿಗಿಲು ಕಣ್ರೋ. ಸ್ಕೂಟಿ ಆ ತಿರುವಿಗೆ ಬಂದ್ರೆ ಕೈ ತಣ್ಣಗಾಗುತ್ತೆ." ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಎತ್ತರದ ಹುಡುಗನೊಬ್ಬ, "ನಂಗೂ ಮೇಡಂ, ಬೆಳಿಗ್ಗೆ ಹಾಲು ಹಾಕಕ್ಕೆ ಡೈರಿಗೆ ಹೋಗ್ವಾಗ" ಅಂದ. ಅವನ ಹಿಂದೆ ಇನ್ನು ನಾಲ್ವರು. ದೊಡ್ಡವರು ಮೊದಲು ತಮ್ಮದನ್ನು ಹೇಳಿದರೆ ಮಕ್ಕಳಿಗೆ ದಾರಿಯಾಗುತ್ತದೆ. ಅಪ್ಪಂದಿರು ಹೇಳಿದರೆ ಇನ್ನೂ ಒಳ್ಳೆಯದು. ಹುಡುಗರು ಅಮ್ಮನ ಮಾತು ಕೇಳಿಸಿಕೊಳ್ಳುತ್ತಾರೆ, ಅಪ್ಪನನ್ನು ನೋಡಿ ಕಲಿಯುತ್ತಾರೆ.

"ತುಂಬಾ ಜವಾಬ್ದಾರಿ ಹುಡುಗಿ" ಅನ್ನುವ ಮುಂಚೆ

ಲೈನ್ ಮನೆಯಿಂದ ಬರುವ ಒಬ್ಬಳಿದ್ದಳು. ಮೂವರಲ್ಲಿ ದೊಡ್ಡವಳು. ಖೋಖೋದಲ್ಲಿ ಬೆಂಕಿ. ಎದುರಾಳಿ ಯಾವ ಕಡೆ ತಿರುಗುತ್ತಾಳೆ ಅಂತ ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಯಾವ ಟೀಚರಿಗೆ ತಲೆನೋವು, ಯಾವ ಗೆಳತಿ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾಳೆ, ಎಲ್ಲ ಮುಖ ನೋಡಿ ಹೇಳುವಳು. ನಾವೆಲ್ಲ ಎಷ್ಟು ಮೆಚೂರ್ ಅಂತ ಹೊಗಳಿದ್ದೇ ಹೊಗಳಿದ್ದು. ಒಂದು ದಿನ ಮಾತಿಗೆ ಮಾತು ಬಂದು ಹೇಳಿದಳು. ಅಪ್ಪ ರಾತ್ರಿ ಬರುವಾಗ ಚಪ್ಪಲಿ ಸದ್ದಿನಲ್ಲೇ ಕುಡಿದಿದ್ದಾನೋ ಇಲ್ಲವೋ ಗೊತ್ತಾಗುತ್ತದಂತೆ. ಎಳೆದುಕೊಂಡು ಬಂದರೆ ತಮ್ಮ ತಂಗಿಯನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತಾಳಂತೆ.

ಅವಳು ಮುಖ ಓದಲು ಕಲಿತದ್ದು ಅಲ್ಲಿ.

ಟೀಮಿಗೆ ಬಿಸ್ಕೆಟ್ ತಂದಾಗ ಅವಳಿಗೆ ಮೊದಲು ಕೊಟ್ಟು "ಯಾವುದು ಬೇಕು, ಕ್ರೀಮಿಂದೋ ಉಪ್ಪಿಂದೋ" ಅಂದೆ. "ಯಾವುದಾದ್ರೂ ಮೇಡಂ." ಅಲ್ಲ, ನಿನಗೆ ಯಾವುದು? "ಎಲ್ರೂ ತಗೊಂಡ್ಮೇಲೆ ಉಳಿದಿದ್ದು." ಮೂರು ಸಲ ಕೇಳಿದರೂ ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಎದುರಿನವರನ್ನು ಓದುವುದು ಒಂದು, ತನ್ನನ್ನು ಓದಿಕೊಳ್ಳುವುದು ಇನ್ನೊಂದು ಅಂದೆನಲ್ಲ, ಇದು. ಪರೀಕ್ಷೆ ಕೊಟ್ಟಿದ್ದರೆ ಅವಳಿಗೆ ಮುಖ ಗುರುತಿಸುವುದರಲ್ಲಿ ನೂರಕ್ಕೆ ನೂರು ಬರುತ್ತಿತ್ತೋ ಏನೋ.

ಇಂಥ ಹುಡುಗಿ ನಿಮ್ಮ ಮನೆಯಲ್ಲಿದ್ದರೆ ಹೊಗಳಿಕೆ ಸ್ವಲ್ಪ ಕಡಿಮೆ ಮಾಡಿ, ಕೆಲಸ ಸ್ವಲ್ಪ ಕಡಿಮೆ ಮಾಡಿ. ದಿನಕ್ಕೆ ಒಂದು ಚಿಕ್ಕ ವಿಷಯ ಅವಳೇ ಆರಿಸಲಿ. ತಿಂಡಿಗೆ ಅಕ್ಕಿರೊಟ್ಟಿನೋ ಉಪ್ಪಿಟ್ಟೋ ಅನ್ನುವಷ್ಟು ಚಿಕ್ಕದು. ಅವಳು ಇಲ್ಲ ಅಂದಾಗ ಒಂದು ಸಲವಾದರೂ ಆ ಇಲ್ಲ ನಡೆಯಲಿ. ತಮ್ಮನ ತಟ್ಟೆ ತಮ್ಮ ತೊಳೆಯಲಿ. ಇದನ್ನು ಹೇಳಿದಾಗ ಅಜ್ಜಿಯರು ಮುಖ ತಿರುಗಿಸುತ್ತಾರೆ. ನನ್ನ ಅತ್ತೆ ಎರಡು ವಾರ ತಿರುಗಿಸಿದ್ದರು. ಮೂರನೇ ವಾರ "ಸೋಪು ಜಾಸ್ತಿ ಹಾಕ್ತಾನೆ ಕಣಮ್ಮಾ" ಅಂತ ದೂರಲು ಶುರು ಮಾಡಿದರು. ಅಲ್ಲಿಗೆ ಒಪ್ಪಿದ್ದಾರೆ ಅಂತ ಅರ್ಥ.

ಇನ್ನೊಂದು. ಮಗಳು ದೊಡ್ಡವಳಾದ ಮೇಲೆ ಎಷ್ಟೋ ಅಪ್ಪಂದಿರು ಅವಳ ಜೊತೆ ಮಾತೇ ಬಿಟ್ಟುಬಿಡುತ್ತಾರೆ. ಅದುವರೆಗೂ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರು ಈಗ "ನಿಮ್ಮಮ್ಮನ್ನ ಕೇಳು" ಅನ್ನುತ್ತಾರೆ. ಅದೇ ವರ್ಷ ಆಟವನ್ನೂ ಬಿಡಿಸುತ್ತಾರೆ. ಒಳ್ಳೆ ಓಟಗಾರ್ತಿಯರನ್ನು ನಾನು ಕಳೆದುಕೊಂಡಿರುವುದು ಬಹುತೇಕ ಎಂಟನೇ ಕ್ಲಾಸಿನಲ್ಲೇ. ಹುಡುಗಿಗೆ ಅನ್ನಿಸುವುದು ಏನು? ನನ್ನಿಂದ ಏನೋ ತಪ್ಪಾಗಿದೆ. ನಂಬರ್ ಎಂಟು. ಅಪ್ಪಂದಿರೇ, ಭಾಷಣ ಏನೂ ಬೇಡ. ವಾರಕ್ಕೆ ಒಂದು ದಿನ ಬಸ್‌ಸ್ಟಾಪಿನವರೆಗೆ ಬಿಟ್ಟುಬನ್ನಿ. ದಾರಿಯಲ್ಲಿ ನಿಮ್ಮ ಕೆಲಸದ ಒಂದು ಸಂಗತಿ ಹೇಳಿ. ಅವಳು ತನ್ನದೊಂದು ಹೇಳುತ್ತಾಳೆ.

ದುಡ್ಡಿಲ್ಲದ ಮನೆ, ಅಪ್ಪ ಇಲ್ಲದ ಮನೆ

"ಒಳ್ಳೆ ಮನೆತನದ ಮಕ್ಕಳು ಬಿಡಿ" ಅನ್ನುವ ಮಾತು ಶಾಲೆಗಳಲ್ಲಿ ತುಂಬಾ ಕೇಳುತ್ತೇವೆ. ಒಳ್ಳೆ ಮನೆತನ ಅಂದರೆ ದುಡ್ಡು ಅಂತ ಅರ್ಥ, ಒಳಗೆ ಬೇರೆ ಏನೂ ಇಲ್ಲ. ದುಡ್ಡಿಗೂ ಮಕ್ಕಳ ಮನಸ್ಸಿಗೂ ಸಂಬಂಧ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಆದರೆ ಸುತ್ತುಬಳಸಿ ಬರುತ್ತದೆ.

ಅಮೆರಿಕದ ಅಯೋವಾ ರಾಜ್ಯದಲ್ಲಿ 1980ರ ದಶಕದಲ್ಲಿ ರೈತರು ಸಾಲಕ್ಕೆ ಸಿಕ್ಕಿ ನೆಲ ಕಳೆದುಕೊಂಡರು. ರಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಅನ್ನುವವರು 1989ರಿಂದ ಅಲ್ಲಿನ ಹಳ್ಳಿಗಾಡಿನ 451 ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲ ಮನೆಯಲ್ಲೂ ಏಳನೇ ಕ್ಲಾಸಿನ ಒಂದು ಮಗು. ಅವರಿಗೆ ಕಂಡದ್ದು ಇದು. ದುಡ್ಡಿನ ತಾಪತ್ರಯ ನೇರವಾಗಿ ಮಗುವಿಗೆ ತಟ್ಟುವುದಕ್ಕಿಂತ ಅಪ್ಪ ಅಮ್ಮನ ಮೂಲಕ ತಟ್ಟುತ್ತದೆ. ತಾಪತ್ರಯದಿಂದ ಅವರು ಕುಗ್ಗುತ್ತಾರೆ, ಗಂಡ ಹೆಂಡತಿ ಕಚ್ಚಾಡುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ. ಮಗು ಮಂಕಾಗುವುದು ಆ ರೇಗಾಟಕ್ಕೆ.

ಓದಿದಾಗ ನನಗೆ ಅಯೋವಾ ಅನ್ನಿಸಲೇ ಇಲ್ಲ. ಶುಂಠಿ ರೇಟು ನೆಲ ಕಚ್ಚಿದ ವರ್ಷ, ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದ ವರ್ಷ ನಮ್ಮ ಮೈದಾನದಲ್ಲಿ ಹೊಡೆದಾಟ ಜಾಸ್ತಿ. ಇದಕ್ಕೆ ನನ್ನ ಹತ್ತಿರ ಅಂಕಿ ಅಂಶ ಇಲ್ಲ, ಡೆಟಾಲ್ ಬಾಟಲಿ ಖಾಲಿಯಾದ ಲೆಕ್ಕ ಇದೆ.

ಇಲ್ಲಿ ಮಾಡಬೇಕಾದ್ದು, ಮಗುವಿಗೆ ನಿಜ ಹೇಳುವುದು. ಪೂರ್ತಿ ಲೆಕ್ಕ ಬೇಡ. "ಈ ವರ್ಷ ಕೈ ಕಚ್ಚಿದೆ. ನಂಗೆ ತಲೆಬಿಸಿ. ಅದಕ್ಕೆ ರೇಗಿದೆ. ನಿನ್ನ ತಪ್ಪಲ್ಲ." ನಾಲ್ಕೇ ಮಾತು. ಹೇಳದಿದ್ದರೆ ಮಕ್ಕಳು ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಆ ಕಾರಣದಲ್ಲಿ ತಪ್ಪು ಯಾವಾಗಲೂ ಅವರದೇ. ರೇಗಿದ ಮೇಲೆ ಕ್ಷಮೆ ಕೇಳುವುದಕ್ಕೆ ನಮ್ಮಲ್ಲಿ ಬಿಗುಮಾನ. ಸಾರಿ ಅನ್ನಲು ಬಾಯಿ ಬರದಿದ್ದರೆ "ನಾನು ಹಂಗೆ ಕೂಗಬಾರದಿತ್ತು" ಅನ್ನಿ. ರೈಡರ್ ಹುಡುಗನ ಅಪ್ಪ ಅಷ್ಟೂ ಹೇಳಲಿಲ್ಲ. ಆದರೆ ಮುಂದಿನ ಮ್ಯಾಚಿಗೆ ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದರು. ಹುಡುಗ ಅದನ್ನು ನನಗೆ ಮೂರು ಸಲ ಹೇಳಿದ.

ಅಪ್ಪ ಇಲ್ಲದ ಮನೆ, ಅಜ್ಜಿ ಸಾಕಿದ ಮನೆ, ಹಾಸ್ಟೆಲಿನ ಮಕ್ಕಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜನ ಹೇಳುವಷ್ಟು ಕಷ್ಟ ಅಲ್ಲಿಲ್ಲ, ಜನ ಹೇಳುವುದೇ ಅವರಿಗೆ ಕಷ್ಟ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಅನ್ನುವವರ ತಂಡ ದಶಕಗಟ್ಟಲೆ ಹಿಂಬಾಲಿಸಿತು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಹುಟ್ಟಿದವರ ಪೈಕಿ ಚೆನ್ನಾಗಿ ಬೆಳೆದವರು ಮೂರರಲ್ಲಿ ಒಬ್ಬರಷ್ಟಿದ್ದರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು, ಗಟ್ಟಿಯಾಗಿ ಜೊತೆ ನಿಂತ ಒಬ್ಬರಾದರೂ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಿಲ್ಲ. ಅಜ್ಜಿ, ಸೋದರಮಾವ, ಹಾಸ್ಟೆಲಿನ ಅಡುಗೆಯವರು, ಯಾರಾದರೂ. ಲೈನ್ ಮನೆ ಹುಡುಗಿಗೆ ಆ ಪಕ್ಕದ ಮನೆಯವರಿದ್ದರು. ನೀವು ಯಾರದೋ ಪಕ್ಕದ ಮನೆಯವರಾಗಿರಬಹುದು, ನೋಡಿಕೊಳ್ಳಿ.

ಮನೆಯಲ್ಲಿ ಮುಗಿಯದಿದ್ದರೆ

ಎರಡು ವಾರ ಕಳೆದರೂ ಮಗು ಮಂಕಾಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ಆಟವನ್ನೇ ಬಿಟ್ಟರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ, ನಂಬರ್ ಆಟ ಬದಿಗಿಡಿ. ಸಾಯುವ ಮಾತು ಬಂದರೆ ಎರಡು ವಾರ ಅಲ್ಲ, ಎರಡು ಗಂಟೆಯೂ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿ ಡಬ್ಬಗಳನ್ನು ಬೀಗ ಹಾಕಿಡಿ. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ, ಕಿರುಕುಳ ಇದ್ದರೆ ಮಕ್ಕಳ ಸಹಾಯವಾಣಿ 1098. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ಕೇಳಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಯಾರಾದರೂ ನೋಡಿದರೆ ಏನಂದುಕೊಂಡಾರು ಅಂತ ಯೋಚಿಸಬೇಡಿ. ಕಾಲು ಮುರಿದಾಗ ಯೋಚಿಸಿದ್ದಿರಾ?

ಹುಡುಗರ ಮನೆಯವರಿಗೆ ಇಲ್ಲೊಂದು ಮಾತು ಜಾಸ್ತಿ ಹೇಳಬೇಕು. ಹುಡುಗಿ ಮಂಕಾದರೆ ಕಾಣುತ್ತದೆ. ಹುಡುಗ ಮಂಕಾದರೆ ಎಷ್ಟೋ ಸಲ ಒರಟಾಗಿ ಕಾಣುತ್ತದೆ. ಬೈಕ್ ಜೋರಾಗಿ ಓಡಿಸುವುದು, ಕೂಗಾಡುವುದು, ಶಾಲೆಗೆ ಚಕ್ಕರ್. ಶಿಸ್ತಿಲ್ಲ ಅಂತ ಬೆಲ್ಟ್ ತೆಗೆಯುವ ಮೊದಲು ಏನಾಯ್ತು ಅಂತ ಕೇಳಿ.

ಮೊನ್ನೆ ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದೆ. ಮಗ ಕಾಲೇಜಿನಿಂದ ಬಂದವನು ಬ್ಯಾಗು ಬಿಸಾಡಿ ಫ್ರಿಜ್ಜಿಗೆ ಒರಗಿ ನಿಂತ. ಬಾಗಿಲು ತೆಗೆಯಲೂ ಇಲ್ಲ, ನೀರು ಕುಡಿಯಲೂ ಇಲ್ಲ. ತಲೆ ಎತ್ತಿ ನೋಡಬೇಕು ಅನ್ನಿಸಿತು, ನೋಡಲಿಲ್ಲ.

"ಬೇಜಾರು" ಅಂದ.

"ಎಷ್ಟು?"

ಹಾಳೆಯ ಕಡೆ ತಿರುಗಿಯೂ ನೋಡದೆ, "ಮೂರು. ನಾಲ್ಕೂ ಸ್ವಲ್ಪ ಇದೆ" ಅಂದ.

ಸೊಪ್ಪು ಅಲ್ಲೇ ಬಿಟ್ಟು ಕೈ ಒರೆಸಿಕೊಂಡು ಸ್ಕೂಟಿ ಕೀ ತಗೊಂಡೆ.